ಹಾನಗಲ್ಲಿಗೇ ನಿಂತ ಪ್ರವಾಸ

ಜರ್ಮನಿಯಿಂದ ಮರಳಿದ ಮರುದಿನ ಬೆಳಿಗ್ಗೆ ನನ್ನ ನೆಗೆಣ್ಣಿ ಚಹಾದ ಕಪ್ಪು ಹಿಡಿದುಕೊಂಡು ನಮ್ಮ ಪಾಲಿನ ಕಡೆ ಬಂದಳು. ನಾನಿನ್ನೂ ಹಾಸಿಗೆಯ ಮೇಲೇ ಕೂತಿದ್ದೆ. ಎಂಟು ದಿನ ಏನು ತಿಂದೆ, ಚಳಿ ಹೇಗಿತ್ತು, ವಿಮಾನದಲ್ಲಿ ಕಿವಿ ನೋಯಿತೇ ಎಂದು ಒಂದೊಂದಾಗಿ ಕೇಳಿದಳು. ಆಮೇಲೆ ಮೂಲೆಯಲ್ಲಿದ್ದ ನನ್ನ ಸೂಟ್‌ಕೇಸಿನ ಕಡೆ ನೋಡಿದಳು.

"ಕೌದಿ ತಗದ ಕೊಡು, ಬಿಸಲಿಗೆ ಹಾಕ್ತೇನಿ. ಅಷ್ಟು ದಿನ ಕಟ್ಟಿಟ್ರ ಮುಗ್ಗಲು ವಾಸನಿ ಹಿಡೀತೈತಿ."

ಹದಿನೈದು ತಾಸಿನ ಪ್ರಯಾಣದುದ್ದಕ್ಕೂ ನಾನು ಈ ಪ್ರಶ್ನೆಗೆ ಉತ್ತರ ಹುಡುಕಿದ್ದೆ. ಸಿಕ್ಕಿದ್ದ ಉತ್ತರ ಯಾವುದೂ ಆ ಹೊತ್ತಿಗೆ ಬಾಯಿಗೆ ಬರಲಿಲ್ಲ. "ಕೌದಿಗಳನ್ನೆಲ್ಲ ಹಡಗದಾಗ ಕಳಿಸ್ತಾರಂತ್ರಿ ಅಕ್ಕಾ. ಬರಾಕ ತಿಂಗಳಾಗ್ತೈತಂತ" ಎಂದೆ. ಅದೇ ಉಸಿರಿನಲ್ಲಿ, ಅವಳು ಇನ್ನೊಂದು ಪ್ರಶ್ನೆ ಕೇಳುವುದರೊಳಗೆ ಸೇರಿಸಿದೆ: "ಅದಿರ್ಲಿ, ಬರೂ ವಾರ ನಾವಿಬ್ರ ಎರಡು ದಿನ ಎಲ್ಲ್ಯರ ಹೋಗಿ ಬರೂಣೇನ್ರಿ? ಶನಿವಾರ ಹೋಗಿ ರವಿವಾರ ಬರೂದು."

ಅಕ್ಕ ಬಾಗಿಲಲ್ಲೇ ನಿಂತುಬಿಟ್ಟಳು. "ನಾವಿಬ್ರ?" ಎಂದಳು. ಅವಳ ಮುಖ ಅರಳಿತು. ನಾನು ಎದ್ದು ಹಾಸಿಗೆ ಮಡಚತೊಡಗಿದೆ.

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ಶಿಗ್ಗಾವಿಯ ಒಂದೇ ಮನೆಯ ಎರಡು ಪಾಲುಗಳಲ್ಲಿ ನಾವು ಇಪ್ಪತ್ತೈದು ವರ್ಷದಿಂದ ಇದ್ದೇವೆ. ನಾನು ಹಿರೇಕೆರೂರು ತಾಲೂಕಿನಿಂದ ಸೊಸೆಯಾಗಿ ಬಂದವಳು, ಅವಳು ಅಕ್ಕಿಆಲೂರಿನವಳು. ಹಳೆಯ ಬಟ್ಟೆಗಳನ್ನು ಪದರಿಟ್ಟು ಕೌದಿ ಹೊಲಿಯುವುದನ್ನು ನನಗೆ ಕಲಿಸಿದವಳೂ ಅವಳೇ. ಹನ್ನೊಂದು ವರ್ಷದ ಹಿಂದೆ ಮುಂದಿನ ಪಡಸಾಲೆಯಲ್ಲಿ ನಾನು ಕೌದಿಯ ಕೆಲಸ ಶುರುಮಾಡಿದಾಗ ಮೊದಲು ಸೂಜಿ ಹಿಡಿದು ಕೂತವಳು ಅವಳು. ಈಗ ಅಲ್ಲಿ ಒಂಬತ್ತು ಹೆಣ್ಣುಮಕ್ಕಳು ಕೂಡುತ್ತಾರೆ. ಬಟ್ಟೆ ತರುವುದು, ಗಿರಾಕಿ ಹುಡುಕುವುದು, ಫೋನಿನಲ್ಲಿ ಮಾತಾಡುವುದು ನನ್ನ ಪಾಲಿನ ಕೆಲಸ. ಹೊಲಿಗೆಯಲ್ಲಿ ಅಕ್ಕನ ಕೈಗೆ ಸಮನಾದ ಕೈ ನಮ್ಮಲ್ಲಿಲ್ಲ. ನನ್ನದಂತೂ ಅಲ್ಲವೇ ಅಲ್ಲ.

ಅವಳ ಗಂಡ, ನನ್ನ ಭಾವ, ಸರಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದರು. ಹಾವೇರಿ–ಹಿರೇಕೆರೂರು ದಾರಿಯಲ್ಲಿ ಬಹಳ ವರ್ಷ ಇದ್ದರು. ಆರು ವರ್ಷದ ಹಿಂದೆ ಎದೆನೋವು ಬಂದು ತೀರಿಕೊಂಡರು. ದಿವಸದ ಕಾರ್ಯ ಮುಗಿದ ಮೇಲೆ ಅಕ್ಕ ಅವರ ಟ್ರಂಕು ತೆರೆದಳು. ಖಾಕಿ ಅಂಗಿಗಳನ್ನು ಯಾರಿಗಾದರೂ ಕೊಟ್ಟುಬಿಡು ಎಂದು ಹಿರಿಯರು ಹೇಳಿದರು. ಅವಳು ಕೊಡಲಿಲ್ಲ. ನಾಲ್ಕು ಖಾಕಿ ಅಂಗಿ, ಎರಡು ಚೌಕಳಿ ಲುಂಗಿ, ಒಂದು ಟವೆಲ್ಲು ಕತ್ತರಿಸಿ, ಅಡಿಪದರಕ್ಕೆ ಧೋತರ ಹಾಕಿ ಕೌದಿ ಹೊಲಿಯಲು ಕೂತಳು. ಅಂಚಿನಿಂದ ಶುರುವಾಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವ ಹೊಲಿಗೆ, ಒಂದೊಂದು ಅಕ್ಕಿಕಾಳಿನಷ್ಟು. ಒಂದು ಅಂಗಿಯ ಎದೆಯ ಕಿಸೆಯನ್ನು ಬಿಚ್ಚದೆ, ಗುಂಡಿ ಸಮೇತ ಹಾಗೆಯೇ ಉಳಿಸಿದ್ದಳು. ನಾಲ್ಕು ತಿಂಗಳು ಬೇರೆ ಕೆಲಸ ಮುಟ್ಟಲಿಲ್ಲ.

ಆ ನಾಲ್ಕು ತಿಂಗಳಲ್ಲಿ ನಾನು ಹೇಗಿದ್ದೆ ಎಂಬುದನ್ನೂ ಇಲ್ಲಿ ಹೇಳಬೇಕು. ನಮಗೆ ಆಗ ಒಂದು ದೊಡ್ಡ ಕೆಲಸ ಬಂದಿತ್ತು, ದಿಂಬಿನ ಕವರುಗಳದ್ದು. ಅಕ್ಕ ಕೈಹಾಕದೆ ಅದು ಮುಗಿಯುವಂತಿರಲಿಲ್ಲ. ಒಂದು ಮಧ್ಯಾಹ್ನ ನಾನು ನನ್ನ ಗಂಡನಿಗೆ, ನಡುಗೋಡೆಯಾಚೆ ಕೇಳಿಸುವ ಹಾಗೆ, "ಸತ್ತೋರ ಅರಿವಿ ಹೊಲಕೊಂತ ಕುಂತ್ರ ಇದ್ದೋರ ಕೆಲಸ ಯಾರು ಮಾಡ್ಬೇಕ್ರಿ?" ಎಂದಿದ್ದೆ. ಅಕ್ಕ ಕೇಳಿಸಿಕೊಂಡಿದ್ದಳು. ಮಾರನೆಯ ದಿನವೂ ಅದೇ ಕೌದಿ ಹಿಡಿದು ಕೂತಳು.

ಜರ್ಮನಿಯ ಕರಕುಶಲ ಮೇಳಕ್ಕೆ ಹೋಗುವ ಅವಕಾಶ ಬಂದಾಗ ನಾನು ಆ ಕೌದಿಯನ್ನೇ ಕೇಳಿದೆ. ನಮ್ಮಲ್ಲಿ ಅದಕ್ಕಿಂತ ಚಂದದ್ದು ಇರಲಿಲ್ಲ. ಅಕ್ಕ ಎರಡು ದಿನ ಯೋಚಿಸಿ, ಹಳೆಯ ಸೀರೆಯಲ್ಲಿ ಸುತ್ತಿ ತಂದುಕೊಟ್ಟಳು. "ತೋರ್ಸಾಕ ಅಷ್ಟ ಒಯ್ಯಿ. ಇದು ಮಾರೂದಲ್ಲ, ಯಾರಿಗೂ ಕೊಡೂದೂ ಅಲ್ಲ" ಎಂದಳು. ನಾನು ಅವಳ ಕೈ ಮುಟ್ಟಿ ಹೂಂ ಎಂದೆ.

ಮೇಳದ ಮಳಿಗೆ ನಮ್ಮ ಅಡುಗೆಮನೆಗಿಂತ ಚಿಕ್ಕದು. ಮೂರು ದಿನ ಒಬ್ಬರೂ ಸರಿಯಾಗಿ ನಿಲ್ಲಲಿಲ್ಲ. ಆಚೀಚೆ ಮಳಿಗೆಗಳಲ್ಲಿ ಕಸೂತಿಯವರು, ಮಣ್ಣಿನವರು, ಮರದವರು ತಮ್ಮ ಕೈಯ ಕೆಲಸವನ್ನು ಅಲ್ಲೇ ಕೂತು ಮಾಡಿ ತೋರಿಸುತ್ತಿದ್ದರು. ಜನ ಅವರ ಸುತ್ತ ಸೇರುತ್ತಿದ್ದರು. ನಾನು ಸೀರೆ ಉಟ್ಟು ಅಂಗಡಿಯವಳ ಹಾಗೆ ನಿಂತಿದ್ದೆ. ನಾಲ್ಕನೆಯ ದಿನ ಬೆಳ್ಳಗಿನ ಕೂದಲಿನ ಒಬ್ಬ ಹೆಂಗಸು ಬಂದು ಭಾವನ ಕೌದಿಯ ಮುಂದೆ ನಿಂತಳು. ಆ ಕಿಸೆಯ ಗುಂಡಿಯನ್ನು ಬೆರಳಿನಿಂದ ಮುಟ್ಟಿದಳು. ಅವಳದು ಅಲ್ಲಿಯ ಒಂದು ಊರಿನಲ್ಲಿ ಹೊದಿಕೆ, ಪರದೆಗಳ ಅಂಗಡಿಯಂತೆ. ನಮಗೆ ಮಾತು ತಿಳಿಸಿಕೊಡಲು ಅಲ್ಲೇ ಓದುತ್ತಿದ್ದ ಒಬ್ಬ ಕನ್ನಡದ ಹುಡುಗಿಯನ್ನು ಕೊಟ್ಟಿದ್ದರು. ಆ ಹುಡುಗಿ ಕೇಳಿದಳು, "ಇದನ್ನ ಹೊಲಿದವರು ಯಾರು ಅಂತ ಕೇಳ್ತಿದಾರೆ. ನೀವೇನಾ?"

"ಹೌದು, ನಾನೇ" ಎಂದೆ.

ಯಾಕೆ ಹಾಗೆಂದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮೂರು ದಿನದ ನಂತರ ಒಬ್ಬರು ನಿಂತಿದ್ದರು. ಇಲ್ಲ ಎಂದರೆ ಹೊರಟುಹೋಗುತ್ತಾರೇನೋ ಎನಿಸಿತು. ಅದು ಅರ್ಧ ಮಾತ್ರ. ಇನ್ನರ್ಧ ಎಂದರೆ, ಆ ಹೆಂಗಸು ನನ್ನ ಕಡೆ ನೋಡಿದ ರೀತಿ ನನಗೆ ಬೇಕಾಗಿತ್ತು. ಅವಳು ನನ್ನ ಬಲಗೈ ಹಿಡಿದು ಬೆರಳು ನೋಡಿದಳು. ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾಗುವ ತುದಿ ನನ್ನ ಬೆರಳಿಗಿರಲಿಲ್ಲ. ನಾನು ಕೈ ಮಡಚಿಕೊಂಡೆ. ಇದೇ ಬಗೆಯ ನಲವತ್ತು ಕೌದಿ ಬೇಕಾಗಬಹುದು, ಆದರೆ ಮಾದರಿಗೆ ಇದನ್ನೇ ಬಿಟ್ಟುಹೋಗಬೇಕು, ಅಂಗಡಿಯ ಗಾಜಿನ ಕಿಟಕಿಯಲ್ಲಿ ಇಡುತ್ತೇನೆ ಎಂದಳು. ನಾನು ಕೌದಿ ಮಡಚಿ ಕೊಟ್ಟೆ. ಸುತ್ತಿ ತಂದಿದ್ದ ಹಳೆಯ ಸೀರೆ ಮಾತ್ರ ನನ್ನ ಸೂಟ್‌ಕೇಸಿನಲ್ಲಿ ವಾಪಸು ಬಂತು.

ಪ್ರವಾಸದ ಮಾತು ನನ್ನ ಬಾಯಿಂದ ಯೋಚಿಸದೆ ಬಿದ್ದದ್ದು. ಆದರೆ ಸಂಜೆಯ ಹೊತ್ತಿಗೆ ಅದೊಂದು ಉಪಾಯವಾಗಿ ಬೆಳೆದಿತ್ತು. ಮನೆಯಿಂದ ದೂರ, ಹೆಣ್ಣುಮಕ್ಕಳ ಕಣ್ಣಿನಿಂದ ದೂರ, ಒಂದು ಸಮಾಧಾನದ ಜಾಗದಲ್ಲಿ ಕೂತು ಎಲ್ಲ ಹೇಳಿಬಿಡಬೇಕು. ಹೀಗೆಂದು ನನಗೆ ನಾನೇ ಹೇಳಿಕೊಂಡೆ.

ಎಲ್ಲಿಗೆ ಹೋಗುವುದೆಂಬ ಮಾತು ಮೂರು ದಿನ ನಡೆಯಿತು. ಅಕ್ಕ ಮೊದಲು ಬಂಕಾಪುರದ ಕೋಟೆಯ ನವಿಲು ನೋಡೋಣವೆಂದಳು. ಅದು ಇಲ್ಲೇ ಪಕ್ಕದಲ್ಲಿದೆ, ಅದಕ್ಕೆ ಎರಡು ದಿನ ಯಾಕೆ ಎಂದೆ. ಸವಣೂರಿಗೆ ಹೋದರೆ ಮಗಳ ಮನೆಯೂ ಆಗುತ್ತದೆ, ಮಠದಲ್ಲಿರುವ ಆ ದೊಡ್ಡ ಹುಣಸೆ ಗಿಡಗಳನ್ನೂ ನೋಡಿದಂತಾಗುತ್ತದೆ ಎಂದಳು. ಮಗಳ ಮನೆಗೆ ಹೋಗುವುದು ಪ್ರವಾಸವೇ ಎಂದೆ. "ಹಂಗಾರ ನಿಮ್ಮ ತವರ ಕಡೆ ಹೋಗೂಣ. ಅಬಲೂರ ಗುಡಿ ನಾ ನೋಡೇ ಇಲ್ಲ" ಎಂದಳು. ಅದಕ್ಕೂ ಬೇಡವೆಂದೆ. ಕಡೆಗೆ ನಾನೇ ಗೋಕರ್ಣದ ಹೆಸರು ತೆಗೆದೆ.

"ಘಟ್ಟ ಇಳೀಬೇಕಲ್ಲ" ಎಂದಳು ಅಕ್ಕ. ಅವಳು ಅರವತ್ತು ಸಮೀಪಿಸಿದರೂ ಸಮುದ್ರ ನೋಡಿರಲಿಲ್ಲ. ಕಾರಣ ಘಟ್ಟ. ಭಾವ ಫ್ಯಾಮಿಲಿ ಪಾಸಿನಲ್ಲಿ ಅವಳನ್ನು ಎಲ್ಲೆಲ್ಲಿಗೋ ಕರೆದೊಯ್ದಿದ್ದರು. ಒಮ್ಮೆ ಶಿರಸಿ ದಾಟಿ ಕುಮಟೆಯ ಕಡೆ ಇಳಿಯುವಾಗ ಅವಳಿಗೆ ಎಷ್ಟು ವಾಂತಿಯಾಯಿತೆಂದರೆ, ನಡುದಾರಿಯಲ್ಲಿ ಇಳಿದು, ಎದುರು ಬಂದ ಬಸ್ಸು ಹತ್ತಿ ಇಬ್ಬರೂ ವಾಪಸು ಬಂದಿದ್ದರು. ಆಮೇಲೆ ಅವಳು ಆ ದಾರಿಯ ಸುದ್ದಿಗೇ ಹೋಗಿರಲಿಲ್ಲ.

"ಗುಳಿಗಿ ತಗೊಂಡ್ರ ಏನೂ ಆಗೂದಿಲ್ರಿ" ಎಂದೆ. "ನಾ ಬಾಜೂಕ ಇರ್ತೇನಲ್ಲ."

"ನೀ ಇರ್ತೀ ಅಂದ್ರ ಬರ್ತೇನಿ" ಎಂದಳು. "ಆತ್ಮಲಿಂಗದ ದರ್ಶನನೂ ಆದಂಗಾಗ್ತೈತಿ."

ಅಲ್ಲಿಂದ ಮನೆಯ ತುಂಬ ಪ್ರವಾಸವೇ ಆಯಿತು. ನಾನು ಫೋನ್ ಮಾಡಿ ಗುಡಿಗೆ ಹತ್ತಿರದ ವಸತಿಗೃಹದಲ್ಲಿ ಕೋಣೆ ಹೇಳಿದೆ. ಅಕ್ಕ ಜೋಳದ ಕಟಕ್ ರೊಟ್ಟಿ, ಶೇಂಗಾ ಚಟ್ನಿಯ ಪಟ್ಟಿ ಹಾಕಿದಳು. ಸವಣೂರಿನ ಮಗಳು ಅಲ್ಲಿಯ ಹೆಸರಾದ ಖಾರದ ತಿಂಡಿಯ ಪೊಟ್ಟಣ ಮತ್ತು ಒಂದು ಕಟ್ಟು ವೀಳ್ಯದೆಲೆ ಕಳಿಸಿಕೊಟ್ಟಳು. ಔಷಧದ ಅಂಗಡಿಯಿಂದ ವಾಂತಿಯ ಗುಳಿಗೆ ಬಂತು. ಪಡಸಾಲೆಯಲ್ಲಿ ಹೊಲಿಯುತ್ತ ಕೂತ ಹೆಣ್ಣುಮಕ್ಕಳು ದಿನವೂ ಅಕ್ಕನನ್ನು ಚೇಷ್ಟೆ ಮಾಡಿದರು. ಸಮುದ್ರದಾಗ ಸೀರಿ ಎಷ್ಟು ಎತ್ತಿ ಹಿಡೀಬೇಕು ಗೊತ್ತೈತೇನ್ರಿ, ಎಂದರು. ಅಕ್ಕ ನಗುತ್ತಿದ್ದಳು. ಆರು ವರ್ಷದಲ್ಲಿ ಅವಳು ಹೀಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ನಾನು ಏನೋ ನೆಪ ಹೇಳಿ ಒಳಗೆ ಹೋಗಿ ಬಟ್ಟೆಯ ಗಂಟು ಬಿಚ್ಚುವುದು, ಕಟ್ಟುವುದು ಮಾಡುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ವಿಮಾನದ ದಣಿವು ಇನ್ನೂ ಹೋಗಿಲ್ಲವೆಂದು ಅಕ್ಕ ನನಗೆ ಜೀರಿಗೆಯ ಕಷಾಯ ಮಾಡಿಕೊಟ್ಟಳು.

ನನ್ನ ಗಂಡನಿಗೆ ಮೊದಲ ದಿನವೇ ಎಲ್ಲ ಹೇಳಿದ್ದೆ. ಪೇಟೆಯಲ್ಲಿ ಅವರದೊಂದು ಹಾರ್ಡ್‌ವೇರ್ ಅಂಗಡಿಯಿದೆ. ಬಹಳ ಮಾತಿನವರಲ್ಲ. ಗುರುವಾರ ಮಧ್ಯಾಹ್ನ ಬುತ್ತಿ ಒಯ್ದಾಗ, ಅಂಗಡಿಯಲ್ಲಿ ಗಿರಾಕಿಗಳಿಲ್ಲದ್ದು ನೋಡಿ ಕೇಳಿದರು. ಅತ್ತಿಗೆಯನ್ನು ಅವರು ವೈನಿ ಎನ್ನುತ್ತಾರೆ.

"ವೈನಿಗೆ ಹೇಳಿದೀ?"

"ಗೋಕರ್ಣದಾಗ ಹೇಳ್ತೇನ್ರಿ. ಅಲ್ಲಿ ಸಮಾಧಾನದಿಂದ ಕುಂತು."

"ಯಾರ ಸಮಾಧಾನ?"

ನಾನು ಬುತ್ತಿಯ ಮುಚ್ಚಳ ತೆಗೆದು ಅವರ ಮುಂದಿಟ್ಟೆ. ಅವರು ಕೈ ತೊಳೆದು ಬಂದರು, ಆದರೆ ಊಟಕ್ಕೆ ಕೈ ಹಾಕಲಿಲ್ಲ.

"ಬಂಕಾಪುರ ಬ್ಯಾಡ ಅಂದಿ. ಸವಣೂರ ಬ್ಯಾಡ ಅಂದಿ. ಅಬಲೂರೂ ಬ್ಯಾಡ. ಅಲ್ಲೆಲ್ಲಾ ಸಿಟ್ಟು ಬಂದ್ರ ವೈನಿ ಎದ್ದು ಒಂದು ಬಸ್ ಹತ್ತಿ ಮನಿಗೆ ಬರ್ತಾಳ. ಘಟ್ಟದ ಕೆಳಗಿಂದ ಅಕಿ ಒಬ್ಬಾಕೀನ ಹೆಂಗ ಬರ್ಬೇಕು? ನೀ ಅದಕ್ಕ ಆ ಜಾಗಾ ಆರಿಸೀ."

ನನಗೆ ಸಿಟ್ಟು ಬಂತು. ನಿಮಗೆ ನನ್ನ ಮೇಲೆ ಇಷ್ಟೇ ನಂಬಿಕೆಯೇ ಎಂದೆ. ಬುತ್ತಿ ಅಲ್ಲೇ ಬಿಟ್ಟು ಮನೆಗೆ ಬಂದೆ. ದಾರಿಯುದ್ದಕ್ಕೂ ಅವರಿಗೆ ಕೊಡಬೇಕಾದ ಉತ್ತರಗಳನ್ನು ಜೋಡಿಸಿದೆ. ಮನೆ ಮುಟ್ಟುವ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಅವರು ಹೇಳಿದ್ದು ನಿಜವಾಗಿತ್ತು. ನಾನು ಅದನ್ನು ಬೇಕೆಂದೇ ಮಾಡಿರಲಿಲ್ಲ, ಆದರೆ ಒಂದೊಂದೇ ಊರನ್ನು ಬೇಡವೆನ್ನುವಾಗ ನನ್ನೊಳಗೆ ಯಾವುದೋ ಲೆಕ್ಕ ನಡೆದಿತ್ತು. ಅಕ್ಕ ಎದ್ದು ಹೋಗಲಾರದ ಜಾಗ ನನಗೆ ಬೇಕಾಗಿತ್ತು. ರಾತ್ರಿಯ ಬಾಡಿಗೆ ಕೋಣೆಯಲ್ಲಿ, ನನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲದ ಊರಿನಲ್ಲಿ, ಅವಳು ನನ್ನನ್ನು ಕ್ಷಮಿಸದೆ ಏನು ಮಾಡುತ್ತಾಳೆ?

ಶುಕ್ರವಾರವೇ ಹೇಳಬೇಕೆಂದು ಎರಡು ಸಲ ಅವಳ ಪಾಲಿನ ಬಾಗಿಲಿಗೆ ಹೋದೆ. ಮೊದಲ ಸಲ ಅವಳು ಫೋನಿನಲ್ಲಿ ಮಗಳೊಡನೆ ಮಾತಾಡುತ್ತಿದ್ದಳು. ಎರಡನೆಯ ಸಲ ಚೀಲ ತುಂಬುತ್ತಿದ್ದಳು. "ನಿನ್ನ ಸೀರಿ ಇಲ್ಲೇ ತಂದ ಕೊಡು, ಎರಡು ಚೀಲ ಯಾಕ, ಒಂದರಾಗ ಹಿಡೀತಾವು" ಎಂದಳು. ನಾನು ಹೋಗಿ ನನ್ನ ಸೀರೆ ತಂದುಕೊಟ್ಟೆ.

ಶನಿವಾರ ಬೆಳಿಗ್ಗೆ ಏಳಕ್ಕೆ ಹಾನಗಲ್ಲಿನ ಬಸ್ಸು ಹತ್ತಿದೆವು. ಹಾನಗಲ್ಲಿನಿಂದ ಶಿರಸಿಗೆ, ಅಲ್ಲಿಂದ ಘಟ್ಟ ಇಳಿಯುವುದು ನಮ್ಮ ಯೋಜನೆ. ಅಕ್ಕ ಯಾವಾಗಲೂ ಕಂಡಕ್ಟರ್ ನಿಲ್ಲುವ ಜಾಗಕ್ಕೆ ಹತ್ತಿರದ ಸೀಟು ಹಿಡಿಯುತ್ತಾಳೆ. ಆಧಾರ ಕಾರ್ಡು ತೋರಿಸಿ ಹೆಂಗಸರ ಉಚಿತ ಟಿಕೆಟ್ ತೆಗೆದುಕೊಳ್ಳುವಾಗ, ಬಸ್ಸಿನ ಕಂಡಕ್ಟರ್ ಕಾರ್ಡನ್ನೂ ಅವಳ ಮುಖವನ್ನೂ ನೋಡಿದ. ನಡುವಯಸ್ಸಿನವನು. ಭಾವನ ಹೆಸರು ಹೇಳಿ, ನೀವು ಅವರ ಮನೆಯವರಲ್ಲವೇ ಎಂದು ಕೇಳಿದ. ಹೊಸದಾಗಿ ಕೆಲಸಕ್ಕೆ ಸೇರಿದಾಗ ಭಾವನೇ ಅವನಿಗೆ ಕೆಲಸ ಕಲಿಸಿದ್ದರಂತೆ.

ಅಕ್ಕನಿಗೆ ಬಹಳ ಖುಷಿಯಾಯಿತು. ಬಂಕಾಪುರ ದಾಟುವವರೆಗೂ ಇಬ್ಬರೂ ಭಾವನ ಸುದ್ದಿಯೇ ಆಡಿದರು. ಆಮೇಲೆ ಅವಳು ನನ್ನ ತೊಡೆಯ ಮೇಲೆ ಕೈಯಿಟ್ಟು ಅವನಿಗೆ ಹೇಳಿದಳು, "ಇಕಿ ನಮ್ಮ ನೆಗೆಣ್ಣಿ. ಅವರ ಖಾಕಿ ಅಂಗೀಲೆ ನಾ ಒಂದ ಕೌದಿ ಹೊಲದೇನಿ. ಅದನ್ನ ಇಕಿ ಜರ್ಮನಿಗೆ ಒಯ್ದು ತೋರ್ಸಿ ಬಂದಾಳ."

"ಏನ್ ಹೇಳ್ತೀರ್ರಿ" ಎಂದ ಅವನು ನಗುತ್ತ. "ನಮ್ಮ ಸಾಹೇಬ್ರು ಹಾವೇರಿ ಡಿಪೋ ಬಿಟ್ಟು ಹೊರಗ ಡ್ಯೂಟಿ ಬ್ಯಾಡ ಅಂತಿದ್ರು. ಅವರ ಅಂಗಿ ವಿಮಾನ ಹತ್ತಿತ್ರಿ ಹಂಗಾರ. ವಾಪಸ್ ಬಂತೇನ್ರಿ?"

"ಬರಾಕತ್ತೈತಿ, ಹಡಗದಾಗ" ಎಂದಳು ಅಕ್ಕ.

ಅದು ನನ್ನ ಸುಳ್ಳು, ಈಗ ಅವಳ ಬಾಯಿಂದ ಬಂದಿತ್ತು. ಅವಳು ಅದನ್ನು ಎಷ್ಟು ನಿಶ್ಚಿಂತೆಯಿಂದ ಹೇಳಿದಳೆಂದರೆ, ಇನ್ನು ಘಟ್ಟದವರೆಗೆ ಅದನ್ನು ಹೊತ್ತುಕೊಂಡು ಹೋಗುವುದು ನನ್ನಿಂದ ಆಗುವಂತಿರಲಿಲ್ಲ.

ಹಾನಗಲ್ಲಿನ ನಿಲ್ದಾಣದಲ್ಲಿ ಇಳಿದಾಗ ಶಿರಸಿಯ ಬಸ್ಸಿಗೆ ಮುಕ್ಕಾಲು ತಾಸು ಇತ್ತು. ಕಲ್ಲಿನ ಬೆಂಚಿನ ಮೇಲೆ ಚೀಲವನ್ನು ನಡುವೆ ಇಟ್ಟುಕೊಂಡು ಕೂತೆವು. ಅಕ್ಕ ಪರ್ಸಿನಿಂದ ವಾಂತಿಯ ಗುಳಿಗೆ ತೆಗೆದಳು.

"ಈಗ ತಗೋಬ್ಯಾಡ್ರಿ ಅಕ್ಕಾ" ಎಂದೆ. "ಮೊದ್ಲ ನಾ ಒಂದು ಮಾತು ಹೇಳೂದೈತಿ. ಇಲ್ಲಿಂದ ಶಿಗ್ಗಾವಿಗೆ ಬಸ್ ಅದಾವು, ಅದಕ್ಕ ಇಲ್ಲೇ ಹೇಳ್ತೇನಿ."

ಅವಳಿಗೆ ಅರ್ಥವಾಗಲಿಲ್ಲ. ನಾನು ನಿಲ್ಲಿಸದೆ ಹೇಳಿದೆ. ಕೌದಿ ಹಡಗಿನಲ್ಲಿ ಇಲ್ಲ, ಅದನ್ನು ಅಲ್ಲಿಯ ಅಂಗಡಿಯವಳಿಗೆ ಕೊಟ್ಟು ಬಂದಿದ್ದೇನೆ ಎಂದೆ. ಅಷ್ಟಕ್ಕೇ ನಿಲ್ಲಬಹುದಿತ್ತು. ಉಳಿದದ್ದು ಅವಳಿಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಆದರೂ ಹೇಳಿದೆ. ಯಾರು ಹೊಲಿದದ್ದೆಂದು ಕೇಳಿದರು, ನಾನೇ ಎಂದೆ.

ಅಕ್ಕ ಗುಳಿಗೆಯನ್ನು ಪರ್ಸಿನಲ್ಲಿ ಹಾಕಿ ಝಿಪ್ ಎಳೆದಳು. ನಿಲ್ದಾಣದಲ್ಲಿ ಒಂದು ಬಸ್ಸು ಹಿಂದಕ್ಕೆ ಬರುತ್ತಿತ್ತು, ಕಂಡಕ್ಟರ್ ಸೀಟಿ ಊದುತ್ತಿದ್ದ. ಅದು ನಿಂತ ಮೇಲೆ ಅವಳು ಕೇಳಿದಳು.

"ನಿನ್ನ ಯಾರರ ಜುಲುಮಿ ಮಾಡಿದ್ರೇನು?"

"ಇಲ್ರಿ."

"ಅದನ್ನ ಹೊಲಿಯೂ ಮುಂದ ನೀ ಏನಂದಿದ್ದಿ, ನೆನಪೈತೇನು?"

"ಐತ್ರಿ."

"ಸತ್ತೋರ ಅರಿವಿ ಅಂದಿದ್ದಿ" ಎಂದಳು ಅಕ್ಕ. ದನಿ ಏರಿಸಲಿಲ್ಲ. "ಅವತ್ತ ನಿನಗ ಅದು ಬ್ಯಾಡಾಗಿತ್ತು. ಅಲ್ಲಿ ಹೋಗಿ ನಂದು ಅಂದಿ. ಕೊಟ್ಟು ಬಂದದ್ದು ಇರ್ಲಿ, ವಸ್ತು ಅದು. ನಾ ಆ ನಾಕು ತಿಂಗಳಾ ಏನು ಹೊಲಕೊಂತ ಕುಂತಿದ್ದೆ ಅನ್ನೂದು ನಿನಗ ಗೊತ್ತಿತ್ತು. ಅದನ್ನೂ ನಿಂದು ಅಂದಿ."

ನಾನು ತಪ್ಪಾಯಿತೆಂದೆ. ವಾಪಸು ತರಿಸುತ್ತೇನೆಂದೆ. ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ. ಆಮೇಲೆ ಚೀಲದ ಬಾಯಿ ಬಿಚ್ಚಿ ನನ್ನ ಸೀರೆಗಳನ್ನು ಒಂದೊಂದಾಗಿ ಹೊರಗೆ ತೆಗೆದು, ಬೆಂಚಿನ ಮೇಲೆ ಮಡಿಕೆ ಕೆಡದಂತೆ ಇಟ್ಟಳು. ರೊಟ್ಟಿಯ ಗಂಟನ್ನು ಬಿಚ್ಚಿ ಅರ್ಧ ನನ್ನ ಕಡೆ ಇಟ್ಟಳು.

"ಅಕ್ಕಿಆಲೂರಿಗೆ ಹೋಗ್ತೇನಿ, ನಮ್ಮ ಅಣ್ಣನ ಮನಿಗೆ" ಎಂದಳು. "ನೀ ಬರಬ್ಯಾಡ."

ಅಕ್ಕಿಆಲೂರಿನ ಬಸ್ಸು ಆಗಲೇ ನಿಂತಿತ್ತು. ಅವಳು ಚೀಲ ಎತ್ತಿಕೊಂಡು, ಕಂಬಿ ಹಿಡಿದು, ಹಿಂದಿರುಗಿ ನೋಡದೆ ಹತ್ತಿದಳು. ಭಾವ ತೀರಿಕೊಂಡ ಮೇಲೆ ಅವಳು ತವರಿನಲ್ಲಿ ಉಳಿಯಲು ಹೋದದ್ದು ಅದೇ ಮೊದಲು. ಬಸ್ಸು ಹೋದ ಮೇಲೂ ನಾನು ಅಲ್ಲೇ ಕೂತಿದ್ದೆ. ಶಿರಸಿಯ ಬಸ್ಸು ಬಂದು ಜನರನ್ನು ಹತ್ತಿಸಿಕೊಂಡು ಹೋಯಿತು. ಚೀಲ ಇರಲಿಲ್ಲವಾದ್ದರಿಂದ ಸೀರೆಗಳನ್ನೂ ರೊಟ್ಟಿಯನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಶಿಗ್ಗಾವಿಗೆ ಮರಳಿದೆ. ವಸತಿಗೃಹಕ್ಕೆ ಫೋನ್ ಮಾಡಿ ಬರುವುದಿಲ್ಲವೆಂದೆ. ಕಾರಣ ಕೇಳಿದರು. ಮನೆಯಲ್ಲಿ ಅಡಚಣೆ ಎಂದೆ.

ಸೋಮವಾರ ಹೆಣ್ಣುಮಕ್ಕಳು ಬಂದಾಗ ಅಕ್ಕನ ಜಾಗ ಖಾಲಿಯಿತ್ತು. ಸಮುದ್ರ ಹೇಗಿತ್ತೆಂದು ಕೇಳಿದರು. ಅವರಿಗೆ ಅವತ್ತು ಏನೂ ಹೇಳಲಿಲ್ಲ. ಮಧ್ಯಾಹ್ನ ಸವಣೂರಿಗೆ ಹೋದೆ.

ಅಕ್ಕನ ಮಗಳು ಅಲ್ಲಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಆ ಅಂಗಡಿಯವಳಿಗೆ ಪತ್ರ ಬರೆಯಬೇಕಾದರೆ ನನಗೆ ಗೊತ್ತಿದ್ದವಳು ಅವಳೊಬ್ಬಳೇ. ಬೇರೆ ಯಾರನ್ನಾದರೂ ಹುಡುಕಬಹುದಿತ್ತು. ಆದರೆ ಮತ್ತೆ ಸುತ್ತುದಾರಿ ಹಿಡಿಯಲು ನನಗೆ ಧೈರ್ಯವಾಗಲಿಲ್ಲ. ಅವಳಿಗೆ ತಾಯಿಯಿಂದ ಆಗಲೇ ಎಲ್ಲ ತಿಳಿದಿತ್ತು. ಒಳಗೆ ಕರೆದಳು, ನೀರು ಕೊಟ್ಟಳು, ಚಹಾ ಕೇಳಲಿಲ್ಲ. ಲ್ಯಾಪ್‌ಟಾಪ್ ತೆರೆದು ಎದುರಿಗೆ ಕೂತಳು. ಒಂದೊಂದು ಸಾಲು ಇಂಗ್ಲಿಷಿನಲ್ಲಿ ಬರೆದು ಕನ್ನಡದಲ್ಲಿ ನನಗೆ ಹೇಳುತ್ತ ಹೋದಳು. ಒಂದು ಕಡೆ ಬೆರಳು ನಿಲ್ಲಿಸಿದಳು.

"ಚಿಗವ್ವ, ಇಲ್ಲಿ ಏನಂತ ಬರೀಲಿ? ತಪ್ಪು ತಿಳಿವಳಿಕಿ ಆಗಿತ್ತು ಅಂತ ಬರೀಲೋ, ನಾ ಸುಳ್ಳು ಹೇಳಿದ್ದೆ ಅಂತ ಬರೀಲೋ?"

ಅವಳು ನನ್ನನ್ನು ಚುಚ್ಚಲು ಕೇಳಿದ್ದಲ್ಲ. ನಿಜವಾಗಿಯೂ ಕೇಳಿದಳು. ಗೋಡೆಯ ಮೇಲೆ ಭಾವನ ಫೋಟೋ ಇತ್ತು, ಖಾಕಿಯಲ್ಲೇ.

"ಸುಳ್ಳು ಹೇಳಿದ್ದೆ ಅಂತನ ಬರಿ" ಎಂದೆ.

ಉತ್ತರ ಐದನೆಯ ದಿನ ಬಂತು. ನಾಲ್ಕೇ ಸಾಲು. ಕೌದಿಯನ್ನು ಕಳಿಸುತ್ತೇವೆ, ಕಿಟಕಿಯಲ್ಲಿ ಇಡುವಾಗ ಅದರ ಮೂಲೆಗೆ ಲೇಬಲ್ಲಿನ ಒಂದು ಚೀಟಿಬಟ್ಟೆ ಹೊಲಿದಿದ್ದೇವೆ, ತೆಗೆಯಲು ಹೋದರೆ ಹಳೆಯ ಬಟ್ಟೆ ಹರಿಯಬಹುದೆಂದು ಹಾಗೆಯೇ ಬಿಟ್ಟಿದ್ದೇವೆ, ಹೊಲಿದವರಿಗೆ ನಮ್ಮ ನಮಸ್ಕಾರ ತಿಳಿಸಿ, ಇಷ್ಟೇ. ನಲವತ್ತು ಕೌದಿಯ ಮಾತೇ ಇರಲಿಲ್ಲ, ಆಮೇಲೂ ಬರಲಿಲ್ಲ. ದೊಡ್ಡ ಕೆಲಸ ಬರುತ್ತದೆಂದು ನಾನು ಬಂದೊಡನೆ ಹೇಳಿದ್ದನ್ನು ನಂಬಿ ಕೂತಿದ್ದ ಹೆಣ್ಣುಮಕ್ಕಳಿಗೆ ಅದು ಯಾಕೆ ಬರಲಿಲ್ಲವೆಂದು ಹೇಳಲೇಬೇಕಾಯಿತು. ಪಡಸಾಲೆಯಲ್ಲಿ ನಿಂತು ಹೇಳಿದೆ. ಅವರು ತಲೆ ತಗ್ಗಿಸಿ ಹೊಲಿಯುತ್ತಲೇ ಕೇಳಿದರು. ಮರುದಿನದಿಂದ ನಾನು ಒಳಗೆ ಬಂದರೆ ಅವರ ಮಾತು ನಿಲ್ಲುತ್ತಿತ್ತು.

ಯುಗಾದಿಗೆ ಸ್ವಲ್ಪ ಮೊದಲು ಕೌದಿ ಬಂತು. ಹೊತ್ತುಕೊಂಡು ಅಕ್ಕಿಆಲೂರಿಗೆ ಹೋದೆ. ಅಕ್ಕನ ಅಣ್ಣನ ಮನೆ ಅಕ್ಕಿ ಗಿರಣಿಯ ಪಕ್ಕದಲ್ಲಿದೆ. ಗಿರಣಿಯ ಸದ್ದಿಗೆ ಅಲ್ಲಿ ಎಲ್ಲರೂ ಸ್ವಲ್ಪ ಗಟ್ಟಿಯಾಗಿಯೇ ಮಾತಾಡುತ್ತಾರೆ. ಅಕ್ಕ ಕಟ್ಟೆಯ ಮೇಲೆ ಕೂತಿದ್ದಳು. ಸೊರಗಿರಲಿಲ್ಲ, ಬದಲಿಗೆ ಮುಖ ತುಂಬಿಕೊಂಡಿತ್ತು. ಪೊಟ್ಟಣ ಬಿಚ್ಚಿ, ಕೌದಿಯನ್ನು ಹರವಿ, ಕೈಯಾಡಿಸಿದಳು. ಮೂಲೆಯ ಬಿಳಿ ಚೀಟಿಬಟ್ಟೆ ಕಂಡಿತು.

"ಏನ ಬರದಾರ?"

ನಾನು ಓದಿ ಹೇಳಿದೆ. ಕೈಯಿಂದ ಮಾಡಿದ್ದು ಎಂದು ಬರೆದು, ಕೆಳಗೆ ನನ್ನ ಹೆಸರು, ನಮ್ಮ ದೇಶದ ಹೆಸರು.

ಅಕ್ಕ ಒಳಗೆ ಹೋಗಿ ಅರ್ಧ ಬ್ಲೇಡು ತಂದು ನನ್ನ ಮುಂದಿಟ್ಟಳು. "ನೀನ ತೆಗಿ" ಎಂದಳು.

ಮಶೀನಿನ ಹೊಲಿಗೆ, ಒತ್ತೊತ್ತಾಗಿ ಹಾಕಿದ್ದರು. ಒಂದೊಂದೇ ಎಳೆ ಕತ್ತರಿಸಬೇಕಿತ್ತು. ಅಕ್ಕ ಎದುರಿಗೆ ಕೂತು ನೋಡುತ್ತಿದ್ದಳು. "ಹಗೂರಕ. ಅರಿವಿ ಹಳೇದೈತಿ" ಎಂದ ಅವಳು, ಸ್ವಲ್ಪ ಹೊತ್ತಿನ ಮೇಲೆ, "ಬ್ಲೇಡ ಅಡ್ಡ ಹಿಡಿ. ನಿನಗ ಎಷ್ಟ ಸಲ ಹೇಳಿಕೊಟ್ಟೇನಿ" ಎಂದಳು. ಚೀಟಿ ಬಿಡಿಸಲು ಅರ್ಧ ತಾಸು ಬೇಕಾಯಿತು. ಖಾಕಿಯ ಮೇಲೆ ಸೂಜಿಯ ತೂತುಗಳು ನಾಲ್ಕು ಸಾಲಾಗಿ ಉಳಿದವು. ಅವಳು ಅವುಗಳ ಮೇಲೆ ಉಗುರಿನಿಂದ ತಿಕ್ಕಿದಳು. ಹೋಗಲಿಲ್ಲ. ಊಟ ಮಾಡಿ ಹೋಗು ಎಂದಳು. ಉಂಡು ಬಂದೆ.

ಯುಗಾದಿ ಮುಗಿದು ಎರಡು ವಾರಕ್ಕೆ ಅವಳು ಶಿಗ್ಗಾವಿಗೆ ಬಂದಳು. ಯಾರಿಗೂ ಹೇಳದೆ ಬಂದು, ತನ್ನ ಪಾಲಿನ ಬೀಗ ತೆಗೆದು, ಕಸ ಹೊಡೆದು, ಮಾರನೆಯ ದಿನ ಪಡಸಾಲೆಯಲ್ಲಿ ತನ್ನ ಜಾಗದಲ್ಲಿ ಕೂತಳು. ಕೌದಿಯನ್ನು ತವರಿನಲ್ಲೇ ಬಿಟ್ಟು ಬಂದಿದ್ದಳು. ಹೆಣ್ಣುಮಕ್ಕಳ ಮಾತು ಮೆಲ್ಲಗೆ ಮರಳಿತು. ನನ್ನ ಗಂಡನೊಂದಿಗೆ ಅವಳು ಮೊದಲಿನ ಹಾಗೆಯೇ ಇದ್ದಾಳೆ. ನನ್ನೊಂದಿಗೂ ಮಾತಾಡುತ್ತಾಳೆ. ಬಟ್ಟೆಯ ಬಣ್ಣ, ನಳ ಬರುವ ಹೊತ್ತು, ಹಾಲಿನವನ ತಡ, ಎಲ್ಲ ಮಾತೂ ಇದೆ. ಹೊರಗಿನವರು ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಕಳೆದ ತಿಂಗಳು ಒಂದು ಸಂಜೆ ಎಲ್ಲರೂ ಹೋದ ಮೇಲೆ ಇಬ್ಬರೇ ಉಳಿದಿದ್ದೆವು. ಅವಳು ಒಂದು ಅಂಚು ಮುಗಿಸುತ್ತಿದ್ದಳು. ನಾನು ಕೇಳಬಾರದಿತ್ತೇನೋ, ಕೇಳಿದೆ.

"ಅಕ್ಕಾ, ನನ್ನ ಮ್ಯಾಲಿನ ಸಿಟ್ಟು ಹೋತೇನ್ರಿ?"

ಅವಳು ಸೂಜಿ ನಿಲ್ಲಿಸಿ ಯೋಚಿಸಿದಳು. "ಸಿಟ್ಟು ಅವತ್ತ ಹಾನಗಲ್ಲಾಗ ಇತ್ತು" ಎಂದಳು. "ಈಗ ಇರೂದು ಸಿಟ್ಟಲ್ಲ. ಏನಂತ ನನಗೂ ತಿಳಿಯೂದಿಲ್ಲ. ಆ ಬಿಳಿ ದಾರ ಇತ್ತ ಕೊಡು."

ದಾರದ ಉಂಡೆ ನನ್ನ ಕಾಲ ಬಳಿಯೇ ಇತ್ತು. ಎತ್ತಿ ಕೊಟ್ಟೆ. ಅವಳು ತೆಗೆದುಕೊಂಡು, ಕತ್ತಲಾಗುವವರೆಗೂ ಹೊಲಿದಳು. ನಾನೂ ಎದ್ದು ಹೋಗಲಿಲ್ಲ.